ಗುರುದೇವಿಯ ಎದೆಯ ನೀರು

ನನ್ನ ತಂಗಿ ಗುರುದೇವಿಗೆ ಬಲ ಶ್ವಾಸಕೋಶದ ಸುತ್ತಲಿನ ಎರಡು ತೆಳುಪೊರೆಗಳ ನಡುವೆ ನೀರು ತುಂಬುತ್ತಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ಸೂಜಿ ಹಾಕಿ ತೆಗೆದರೂ ವಾರದಲ್ಲಿ ಮತ್ತೆ ತುಂಬುತ್ತಿತ್ತು. ಬೆನ್ನಿಗೆ ಬೆರಳು ಬಡಿದು ನೋಡುವುದನ್ನು ನರ್ಸ್ ಫರೀದಾ ನನಗೆ ಕಲಿಸಿದ್ದರು. ನೀರಿದ್ದಲ್ಲಿ ಸದ್ದು ಮಂದ, ಇಲ್ಲದಲ್ಲಿ ಟೊಳ್ಳು.

“ಗಡಿಗಿ ಬಡದು ನೋಡಿದಂಗ ನೋಡ್ತಿ. ಸಂತ್ಯಾಗ ಮಾರಾಕ ಇಟ್ಟೀಯೇನು ನನ್ನ?” ಎಂದು ಗುರುದೇವಿ ನಗುತ್ತಿದ್ದಳು.

ಅವಳನ್ನು ಮಲಗಿಸಬಾರದು, ಮಲಗಿದರೆ ಉಸಿರು ಕಟ್ಟುತ್ತದೆ, ಕೂಡಿಸಿಯೇ ಇಡಬೇಕು ಎಂದಿದ್ದರು ಡಾಕ್ಟರು. ಕೊನೆಯ ದಿನ ಬೆಳಿಗ್ಗೆ ಬಡಿದಾಗ ನೀರು ಹೆಗಲೆಲುಬಿನವರೆಗೆ ಏರಿತ್ತು. ಮಧ್ಯಾಹ್ನ ಅವಳು, “ಅಕ್ಕಾ, ಕುಂತು ಕುಂತು ಸಾಕಾಗ್ಯಾದ. ಒಂದ್ ಘಳಿಗಿ ಮಲಗಸು,” ಎಂದು ಅತ್ತಳು. ಗೊತ್ತಿದ್ದೂ ಮಲಗಿಸಿದೆ. ಅವಳು ಮತ್ತೆ ಏಳಲಿಲ್ಲ.

ಕಮಲಾಪುರದ ಮನೆಗೆ ತಂದು, ನಮ್ಮ ಪದ್ಧತಿಯಂತೆ ಗೋಡೆಗೆ ಆನಿಸಿ ಕೂಡಿಸಿದೆವು. ಮೈ ತೊಳೆಯುವಾಗ ರೂಢಿಬಲದಿಂದ ನನ್ನ ಬೆರಳು ಅವಳ ಬೆನ್ನು ಬಡಿಯಿತು. ಟೊಳ್ಳು. ಇನ್ನೂ ಕೆಳಗೆ ಬಡಿದೆ. ಅಲ್ಲಿಯೂ ಟೊಳ್ಳು. ತಣ್ಣೀರು ಎಷ್ಟು ಸುರಿದರೂ ಬೆನ್ನಿನ ಬಲಗಡೆ ಮಾತ್ರ ಬೆಚ್ಚಗಿತ್ತು.

“ಸಣ್ಣತ್ತಿ, ನೀವೂ ಬಡದು ನೋಡ್ರಿ.”

ಜೊತೆಗೆ ಮೈ ತೊಳೆಯುತ್ತಿದ್ದ ಮಲ್ಕಮ್ಮತ್ತೆ ನನ್ನ ಕೈ ಹಿಡಿದರು. “ಬ್ಯಾಡವ್ವ. ಅಕಿಗಿ ನೋವಾಗ್ತದ.”

ಹಿತ್ತಲಿಗೆ ಹೋಗಿ ಫರೀದಾಗೆ ಫೋನು ಮಾಡಿದೆ. ನೀರು ಯಾರಾದರೂ ತೆಗೆದರೇ ಎಂದು ಕೇಳಿದೆ.

“ಯಾರೂ ತಗದಿಲ್ರಿ ಅಕ್ಕಾರ. ಹಾಸಿಗಿ ಮ್ಯಾಲೂ ಸೋರಿಲ್ಲ, ಒಣಗೇ ಅದ.”

ಸಂಜೆ ಅವಳನ್ನು ಕುಣಿಯಲ್ಲಿ ಕೂಡಿಸಿ ಮಣ್ಣು ಮಾಡಿದೆವು. ನಾನು ಮಲಗಿಸಿದ ಆ ಘಳಿಗೆಯಲ್ಲಿ ಅವಳೆದೆಯೊಳಗೆ ನೀರಿತ್ತೋ ಇಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ.