ಆರನೆಯ ನೆಂಟ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ಹೆಂಗಸು ಅಳಲಿಲ್ಲ, ಕೂರಿ ಎಂದರೆ ಕೂರಲೂ ಇಲ್ಲ. ಹಳೆಯ ಬಣ್ಣ ಕರಗಿಸುವ ದ್ರಾವಣ ತಯಾರಿಸುವ ಕಾರ್ಖಾನೆಯಲ್ಲಿ ಅವಳ ಗಂಡ ಡ್ರಮ್ಮಿನಿಂದ ಕ್ಯಾನುಗಳಿಗೆ ತುಂಬುವ ಕೆಲಸದಲ್ಲಿದ್ದ. ಗುರುವಾರ ರಾತ್ರಿ ಪ್ರಜ್ಞೆ ತಪ್ಪಿದವನು ಶನಿವಾರ ಆಸ್ಪತ್ರೆಯಲ್ಲಿ ತೀರಿಹೋದ. ಅರ್ಧ ಲೀಟರ್ ದ್ರಾವಣವನ್ನು ತಾನೇ ಕುಡಿದನೆಂದು ಕಾರ್ಖಾನೆಯವರು ಹೇಳಿದ್ದರು; ಠಾಣೆಯವರು ಅದನ್ನೇ ನಂಬಿ ಆತ್ಮಹತ್ಯೆ ಎಂದು ಬರೆದುಕೊಂಡಿದ್ದರು.

“ಸಾಯೋಕೆ ಹೊರಟವರು ಅವತ್ತು ಬೆಳಿಗ್ಗೆ ಮಗಳ ಸೈಕಲ್ಲಿಗೆ ಪಂಕ್ಚರ್ ಹಾಕಿಸ್ಕೊಂಡು ಬರ್ತಿದ್ರಾ ಮೇಡಂ? ನೀವು ಬರೆದಿರೋದು ಸುಳ್ಳು. ಅದು ಹೋಗೋ ತನಕ ನಾನು ಇಲ್ಲಿಂದ ಕದಲಲ್ಲ.”

ಇಂಥ ಹಟಮಾರಿಗಳನ್ನು ಕಂಡರೆ ಇನ್ಸ್‌ಪೆಕ್ಟರ್ ಮೇಡಂಗೆ ಒಳಗೊಳಗೇ ಖುಷಿ. ಮುಗಿದ ಕೇಸನ್ನು ಕೆದಕಬೇಡಿ ಎಂದು ಮೇಲಧಿಕಾರಿ ಫೋನಿನಲ್ಲಿ ಗದರಿದಾಗ, “ಆಯ್ತು ಸರ್” ಎಂದು ಫೋನಿಟ್ಟು ಎಫ್‌ಐಆರ್‌ಗೆ ಸಹಿ ಹಾಕಿದರು. ದಫೇದಾರ ಮೀಸೆಯಲ್ಲೇ ನಕ್ಕು ಜೀಪಿನ ಕೀಲಿ ತೆಗೆದುಕೊಂಡ.

ಕಾರ್ಖಾನೆಯ ಮ್ಯಾನೇಜರ್ ಎಣ್ಣೆ ಹಚ್ಚಿದ ಹಾಗೆ ಮಾತಾಡಿದ. ಅರ್ಧ ಲೀಟರ್ ಕುಡಿದದ್ದನ್ನು ಕಂಡವರು ಯಾರು ಎಂದರೆ, ಯಾರೂ ಇಲ್ಲ. ಕ್ಯಾನಿನ ಮೇಲಿನ ಚೀಟಿಯಲ್ಲಿ ‘ನುಂಗಿದರೆ ಅಲ್ಪ ಅಪಾಯ’ ಎಂದಿದೆಯಲ್ಲ, ಸಾಯಬೇಕಾದರೆ ಅಷ್ಟಾದರೂ ಕುಡಿದಿರಲೇಬೇಕು ಎಂಬುದು ಅವನ ವಾದ. ಗೋಡೆಗೆ ನೇತುಹಾಕಿದ್ದ ಕೈಪಂಪಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳಿತ್ತು. ಹಾಗಾದರೆ ಡ್ರಮ್ಮಿನಿಂದ ದ್ರಾವಣ ತೆಗೆಯುವುದು ಹೇಗೆಂದು ಮೇಡಂ ಸತ್ತವನ ಜೊತೆಗಾರನನ್ನು ಕೇಳಿದರು.

ಅವನು ಮ್ಯಾನೇಜರನ ಮುಖವನ್ನೇ ನೋಡುತ್ತ ಪ್ಲಾಸ್ಟಿಕ್ ಪೈಪು ಕೈಗೆತ್ತಿಕೊಂಡ. “ಬಾಯಲ್ಲಿ ಎಳೀತೀವಿ. ಎಲ್ರೂ ಹಾಗೇನೇ. ಪಂಪಲ್ಲಿ ನಿಧಾನ ಅಂತ ಇವರೇ ಬೈತಾರೆ. ಅವತ್ತು ಅವನು ಒಂದು ಗುಟುಕು ನುಂಗಿಬಿಟ್ಟ. ಚೀಟಿ ತೋರಿಸಿ ನಕ್ಕ, ಸಂಜೆ ತನಕ ದುಡಿದ. ಕೆಲಸ ಹೋದ್ರೆ ಹೋಗ್ಲಿ, ಬರ್ಕೊಳ್ಳಿ.”

ಪಂಚರ ಎದುರಿಗೆ ಹೊಸ ಡ್ರಮ್ಮಿಗೆ ನೀರು ತುಂಬಿಸಿ, ಹೊಸ ಪೈಪಿನಲ್ಲಿ ಅವನಿಂದ ಎಳೆಸಿ, ಬಾಯಿಗೆ ಬಂದದ್ದನ್ನು ಅಳತೆಯ ಲೋಟಕ್ಕೆ ಉಗಿಸಿ, ಒಂದು ಗುಟುಕೆಂದರೆ ಎಷ್ಟೆಂದು ಪಂಚನಾಮೆ ಬರೆದರು.

ಶವಪರೀಕ್ಷೆ ಮಾಡಿದ್ದ ಡಾಕ್ಟರು ಸುತ್ತುಬಳಸಲಿಲ್ಲ. ಮೂತ್ರಪಿಂಡದ ತುಂಬ ಸೂಜಿಯಂಥ ಹರಳುಗಳಿದ್ದವು. ದ್ರಾವಣ ದೇಹದೊಳಗೆ ಒಡೆದು ಆಮ್ಲವಾಗಿ ಹರಳುಗಟ್ಟಿದೆ, ಅಷ್ಟಕ್ಕೆ ಆ ಒಂದು ಗುಟುಕೇ ಸಾಕು ಎಂದರು. ಇದೇ ಜಾತಿಯ ಇನ್ನೊಂದು ರಾಸಾಯನಿಕ ಹೀಗೇ ಕೊಲ್ಲುತ್ತದೆ, ಈ ಕ್ಷೇತ್ರದವರಿಗೆಲ್ಲ ಅದು ಗೊತ್ತು ಎಂದೂ ಸೇರಿಸಿದರು.

ಬುಧವಾರ ಮಧ್ಯಾಹ್ನ ಮೇಡಂ ಆ ಚೀಟಿಗೆ ಆಧಾರವಾದ ವರದಿ ಕೊಟ್ಟ ವಿಷತಜ್ಞರ ಪ್ರಯೋಗಾಲಯದಲ್ಲಿದ್ದರು. ನರೆತ ತಲೆಯ, ಮೆಲುದನಿಯ ಮನುಷ್ಯ. ಈ ದ್ರಾವಣ ಹೊಸದು, ಅದನ್ನು ಯಾವ ಪ್ರಾಣಿಗೂ ಕುಡಿಸಿ ನೋಡಿಲ್ಲ, ಅದನ್ನೇ ಹೋಲುವ ಹಳೆಯ ರಾಸಾಯನಿಕಗಳ ಮಾಹಿತಿಯಿಂದ ಇದರ ವಿಷ ಎಷ್ಟೆಂದು ಅಂದಾಜು ಮಾಡಿದೆ ಎಂದು ವಿವರಿಸಿದರು. ಬಾಡಿಗೆಗೆ ಬರುವವನ ಗುಣವನ್ನು ಅವನ ನೆಂಟರ ಹತ್ತಿರ ವಿಚಾರಿಸಿದ ಹಾಗೆ ಎಂದರು ಮೇಡಂ.

“ಎಷ್ಟು ನೆಂಟರನ್ನ ವಿಚಾರಿಸಿದ್ರಿ?”

“ಐದು. ಐದೂ ಸಾಧು.”

“ಹರಳು ಕಟ್ಟೋ ಆರನೆಯವನು ನಿಮಗೆ ಗೊತ್ತಿರಲಿಲ್ವಾ?”

“ಗೊತ್ತಿತ್ತು.”

“ಮತ್ತೆ ಯಾಕೆ ಬಿಟ್ರಿ?”

ತಜ್ಞರು ತಲೆ ತಗ್ಗಿಸಲಿಲ್ಲ. “ಅದನ್ನ ಸೇರಿಸಿದ್ರೆ ಅನುಮತಿ ಕೊಡೋರು ಅಂದಾಜು ಸಾಲದು, ಇಲಿಗಳಿಗೆ ಕುಡಿಸಿ ನೋಡಿ ಅಂತಿದ್ರು. ವರ್ಷಗಟ್ಟಲೆ ಈ ಕೈಯಲ್ಲೇ ಇಲಿಗಳ ಗಂಟಲಿಗೆ ನಳಿಗೆ ಇಳಿಸಿದ್ದೀನಿ ಮೇಡಂ. ಒದ್ದಾಡಿ ಸಾಯೋದನ್ನ ಕೂತು ನೋಡಿದ್ದೀನಿ. ಇನ್ನು ಒಂದನ್ನೂ ಕೊಲ್ಲಲ್ಲ ಅಂತ ತೀರ್ಮಾನಿಸಿದ್ದೆ. ಇದೂ ಆ ಐದರ ಹಾಗೇ ಇರುತ್ತೆ ಅಂತ ನಂಬಿದೆ. ನೀವು ಏನೇ ಮಾಡಿ, ಇನ್ನೂ ಕೊಲ್ಲಲ್ಲ.”

ಮೇಡಂಗೆ ಸಿಟ್ಟು ನೆತ್ತಿಗೇರಿತು. “ಆ ನಂಬಿಕೇನ ಪೈಪಲ್ಲಿ ಎಳೆಯೋಕೆ ನಿಮ್ಮ ಬಾಯಿ ಇಡಬೇಕಿತ್ತು.”

ನಾಲ್ಕು ಗಂಟೆಗೆ ತಜ್ಞರ ದಸ್ತಗಿರಿಯಾಯಿತು. ಮ್ಯಾನೇಜರನನ್ನು ಎರಡನೆಯ ಆರೋಪಿ ಮಾಡಿದರು.

ಠಾಣೆಯಲ್ಲಿ ಕಾದಿದ್ದ ಹೆಂಗಸಿಗೆ ಮೇಡಂ ಇಲಿಗಳ ವಿಷಯವನ್ನೂ ಮುಚ್ಚಿಡಲಿಲ್ಲ.

“ನಮ್ಮ ಯಜಮಾನ್ರೂ ಬೋನಿಗೆ ಬಿದ್ದ ಇಲೀನ ಆಚೆ ಬಿಟ್ಟು ಬರ್ತಿದ್ರು. ಆದ್ರೆ ಪಕ್ಕದ ಮನೆಗೆ ಬಿಡ್ತಿರಲಿಲ್ಲ.”

ಸಾವು ಆತ್ಮಹತ್ಯೆಯಲ್ಲ ಎಂದು ನ್ಯಾಯಾಲಯಕ್ಕೆ ಕಳುಹಿಸುವ ವರದಿಯನ್ನು ಮೇಡಂ ಗಟ್ಟಿಯಾಗಿ ಓದಿದರು. ಅವಳು ಅದರದೊಂದು ಪ್ರತಿ ಕೇಳಿದಳು. ಯಾಕೆ ಎಂದರೆ, ಗಂಡ ದಿನಾ ಒಳಗೆ ಹೋಗುತ್ತಿದ್ದ ಕಾರ್ಖಾನೆಯ ಗೇಟಿಗೆ ಅಂಟಿಸುತ್ತೇನೆ ಎಂದಳು. ಹಾಗೆಲ್ಲ ಅಂಟಿಸುವಂತಿಲ್ಲ ಎನ್ನಲು ಮೇಡಂ ಬಾಯಿ ತೆರೆದು, ಸುಮ್ಮನೆ ಪ್ರತಿಗೆ ಮೊಹರು ಹಾಕಿದರು. ದಫೇದಾರ ಡ್ರಾಯರಿನಿಂದ ಗೋಂದಿನ ಬಾಟಲಿ ತೆಗೆದು ಅವಳ ಮುಂದಿಟ್ಟ.