ಓದದ ಪುಸ್ತಕಕ್ಕೆ ಹನ್ನೆರಡು ಅಂಕ

"ಮೇಡಂ, ಈ ಪುಸ್ತಕ ಓದಿದ್ದೀರಾ?"

ಅವನು ಮೇಜಿನ ಮೇಲಿಟ್ಟದ್ದನ್ನು ಕಂಡು ಅವಳು ಕುರ್ಚಿಯನ್ನು ಹಿಂದೆ ಸರಿಸಿದಳು. ಏಳನೆಯ ಸಂಪುಟ, ‘ನೀರಿನಲ್ಲಿ ಅಪಾಯ’.

"ಓದದೆ ಅಂಕ ಕೊಡ್ತೀನಾ?"

"ನೂರಕ್ಕೆ ಹನ್ನೆರಡು ಕೊಟ್ಟಿದ್ದೀರಿ. ‘ಭಾಷೆ ಪೆಡಸು’ ಅಂತಾನೂ ಬರೆದಿದ್ದೀರಿ. ಆದ್ರೆ ವಾಪಸ್ ಬಂದ ಪ್ರತಿಗೆ ಸುತ್ತಿದ ಪ್ಲಾಸ್ಟಿಕ್ಕೇ ಹರಿದಿಲ್ಲ. ಹೊರಗಿಂದಾನೇ ಓದೋ ವಿದ್ಯೆ ನಮಗೂ ಸ್ವಲ್ಪ ಕಲಿಸಿ."

ಅವನು ಈ ಏಳು ಸಂಪುಟಗಳ ಸುರಕ್ಷತೆಯ ಮಾಲಿಕೆಯ ಲೇಖಕ. ಅವಳು ಶಾಲಾ ಗ್ರಂಥಾಲಯಗಳಿಗೆ ಪುಸ್ತಕ ಆರಿಸುವ ಸಮಿತಿಯ ಪರಿಶೀಲಕಿ. ಹದಿಹರೆಯದವರಿಗೆ ಏನು ಹಿಡಿಸುತ್ತದೆಂದು ತೀರ್ಮಾನಿಸುವ ಆ ಸಮಿತಿಯಲ್ಲಿ ಮಂಡಿನೋವಿಲ್ಲದವಳು ಅವಳೊಬ್ಬಳೇ. ಒಂದು ಸಂಪುಟ ಬಿದ್ದರೆ ಇಡೀ ಮಾಲಿಕೆ ಮನೆಗೆ, ಇದು ಅಲ್ಲಿನ ನಿಯಮ. ಉಳಿದ ಆರಕ್ಕೆ ಅವಳೇ ಎಂಬತ್ತರ ಮೇಲೆ ಕೊಟ್ಟಿದ್ದಳು.

ಸಮಿತಿಯ ಅಧ್ಯಕ್ಷರು ಕಂಡ ಕಾಗದಕ್ಕೆಲ್ಲ ಷರಾ ಬರೆಯುವವರು, ಹಾಗಾಗಿ ಎಲ್ಲರಿಗೂ ‘ಷರಾ ಸಾಹೇಬ್ರು’. ಲೇಖಕನ ದೂರಿಗೂ ಒಂದು ಷರಾ ಜಡಿದರು: ಏಳೂ ಸಂಪುಟಗಳನ್ನು ಲೇಖಕರ ಎದುರಿನಲ್ಲೇ ಮತ್ತೆ ಓದತಕ್ಕದ್ದು. ಓದದೆ ಅಂಕ ಕೊಟ್ಟದ್ದು ರುಜುವಾದರೆ ಅವಳ ಕೆಲಸ ಹೋದಂತೆಯೇ.

ಮೊದಲ ವಾರ ಇಬ್ಬರೂ ಹಾವು ಮುಂಗುಸಿ. ಎರಡನೆಯ ವಾರ ಅವಳ ಮುರುಕು ಕುರ್ಚಿಗೆ ಅವನೊಂದು ದಿಂಬು ತಂದ. ಲಂಚವೇ ಎಂದು ಕೇಳಿದಳು. ಅಲ್ಲ, ನೀವು ಮಿಸುಕಾಡಿದಾಗೆಲ್ಲ ಅಂಕ ಕಡಿಮೆಯಾಗುತ್ತಿದೆ ಎಂದ. ಅವಳು ನಕ್ಕಳು... ಆಮೇಲೆ ಅವಳ ನಗು ತಟ್ಟನೆ ನಿಂತಿತು.

ಕಪಾಟಿನ ತುದಿಯಲ್ಲಿ ಅವಳ ತಮ್ಮ ನಿಂತಿದ್ದ.

ಅವಳು ನಕ್ಕಾಗಲೆಲ್ಲ ಬರುತ್ತಿದ್ದ. ತೀರಿಕೊಂಡು ಒಂಬತ್ತು ವರ್ಷ ಕಳೆದರೂ ಹದಿನೈದರ ಹುಡುಗನೇ. ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಯಿ ತೆರೆದಿತ್ತು, ದನಿ ಇರಲಿಲ್ಲ. ಅಂದು ಅವನು ಹೊಳೆಗಿಳಿದಿದ್ದಾಗ ಅವಳು ದಡದಲ್ಲಿ ಪುಸ್ತಕ ಓದುತ್ತ ಕೂತಿದ್ದಳು. ತಲೆಯೆತ್ತಿದಾಗ ಹೊಳೆಯಲ್ಲಿ ಬರೀ ನೀರಿತ್ತು. ಅಮ್ಮ ಕೇಳಿದ್ದು ಒಂದೇ ಮಾತು: "ಅವನು ಕೂಗಿದ್ದು ನಿನಗೆ ಕೇಳಿಸ್ಲಿಲ್ವೇನೇ?"

ಕೊನೆಯ ದಿನ ಏಳನೆಯ ಸಂಪುಟದ ಸರದಿ. ಅವಳ ಕೈ ಮುಂದೆ ಹೋಗಲಿಲ್ಲ.

"ಅಷ್ಟು ಕೆಟ್ಟದಾಗಿದ್ಯಾ ನನ್ನ ಪುಸ್ತಕ?" ಎಂದ ಅವನು, ಎಂದಿನ ಕೀಟಲೆಯಲ್ಲಿ.

"ನಾನು ಓದಿಲ್ಲ. ಸುಳ್ಳು ಬರೆದೆ. ನನ್ನ ತಮ್ಮ..."

ಎಲ್ಲವನ್ನೂ ಹೇಳಿದಳು. ಅವನ ಕೀಟಲೆ ಎಲ್ಲಿ ಅಡಗಿತೋ. ಪುಸ್ತಕವನ್ನು ತನ್ನತ್ತ ಎಳೆದುಕೊಂಡ.

"ನೀವು ಓದೋದು ಬೇಡ. ಮಾಲಿಕೇನೇ ವಾಪಸ್ ತಗೋತೀನಿ."

"ನಾಲ್ಕು ವರ್ಷದ ಕೆಲಸ ಅಲ್ವಾ?"

"ಪುಸ್ತಕ ಇನ್ನೊಂದು ಬರೀಬಹುದು. ನೀವು ಇನ್ನೊಬ್ರು ಸಿಗಲ್ಲ."

ಅವಳು ಪುಸ್ತಕವನ್ನು ಕಿತ್ತುಕೊಂಡು ಪ್ಲಾಸ್ಟಿಕ್ ಹರಿದಳು. ಹನ್ನೊಂದನೆಯ ಪುಟದಲ್ಲಿ ಕಣ್ಣು ನಿಂತುಬಿಟ್ಟಿತು.

‘ಮುಳುಗುವವರು ಸಾಮಾನ್ಯವಾಗಿ ಕೂಗುವುದಿಲ್ಲ. ಉಸಿರಾಡಲೇ ಪುರಸೊತ್ತಿರುವುದಿಲ್ಲ, ಕೂಗಲು ಎಲ್ಲಿಂದ? ಹತ್ತಿರವೇ ಇದ್ದವರಿಗೂ ಗೊತ್ತಾಗದೆ ಹೋಗಬಹುದು.’

ಮೂರು ಸಲ ಓದಿದಳು.

"ಇದು... ನಿಜಾನಾ?"

"ನೀರಿಗೆ ಬಿದ್ದೋರ ಜೀವ ಉಳಿಸೋರ ಜೊತೆ ಒಂದು ಬೇಸಿಗೆ ಪೂರ್ತಿ ಕೂತು ಬರೆದಿದ್ದು. ನಿಮ್ಮ ತಮ್ಮನಿಗೆ ಕೂಗೋಕೇ ಆಗಿರಲ್ಲ. ನಿಮ್ಮ ಕಿವಿ ತಪ್ಪಲ್ಲ ಅದು."

ಒಂಬತ್ತು ವರ್ಷದ ಅಳು ಮೇಜಿನ ಮೇಲೆ ಸುರಿಯಿತು. ಅವನು ಬಂದು ಪಕ್ಕದಲ್ಲಿ ಕೂತ. ತಮ್ಮ ಕಪಾಟಿನ ತುದಿಯಲ್ಲೇ ಇದ್ದ. ಈ ಸಲ ಅವಳು ಕಣ್ಣು ತಪ್ಪಿಸಲಿಲ್ಲ.

ಆಮೇಲೆ ಪುಸ್ತಕವನ್ನು ಕೊನೆಯ ಪುಟದವರೆಗೂ ಓದಿ ತೊಂಬತ್ತು ಕೊಟ್ಟಳು. ಕೆಳಗೆ, ಹಿಂದಿನ ಹನ್ನೆರಡು ಓದದೇ ಕೊಟ್ಟದ್ದು ಎಂದು ಬರೆದು ಸಹಿ ಮಾಡಿದಳು.

"ಕೆಲಸ ಹೋಗತ್ತೆ," ಎಂದ ಅವನು.

"ಹೋಗ್ಲಿ. ಸಾಹೇಬ್ರಿಗೂ ಉದ್ದ ಷರಾ ಬರೆಯೋ ಸಂತೋಷ ಸಿಗ್ಲಿ." ಕಣ್ಣೊರೆಸಿಕೊಂಡಳು. "ಆ ಪುಟ ಅಮ್ಮನಿಗೆ ಓದಿ ಹೇಳ್ಬೇಕು. ನನ್ನ ಕೈಲಾಗಲ್ಲ. ನೀವು ಬರ್ತೀರಾ?"

"ಬರ್ತೀನಿ. ಇವರ್ಯಾರು ಅಂತ ಕೇಳಿದ್ರೆ?"

"ಲೇಖಕರು ಅಂತೀನಿ."

"ಅಷ್ಟೇನಾ?"

ಅವಳು ಅವನ ಕೈ ಹಿಡಿದುಕೊಂಡಳು.

"ಅಷ್ಟೇ ಅಲ್ಲ ಅನ್ನೋದು ನನ್ನ ಮುಖ ನೋಡಿದ್ರೇ ಅಮ್ಮನಿಗೆ ಗೊತ್ತಾಗತ್ತೆ."