ಎರಡು ವಾರ ಮುಂದಕ್ಕೆ

"ಆಫ್ ಮಾಡಿ... ಮೊದಲು ಇಂಜಿನ್ ಆಫ್ ಮಾಡಿ."

ಕೋಲಾರದ ನಬೀ ಸಾಬ್ ಗ್ಯಾರೇಜಿನ ಮುಂದೆ ಆಗಷ್ಟೇ ಕಾರು ನಿಲ್ಲಿಸಿದ್ದ ಮುಕುಂದ ತಲೆ ಎತ್ತಿದ. ಗ್ರೀಸ್ ಹತ್ತಿದ ಚೂಡಿದಾರದ ಹುಡುಗಿಯೊಬ್ಬಳು ಬಾನೆಟ್ ಮೇಲೆ ಅಂಗೈ ಊರಿ ನಿಂತಿದ್ದಳು. ಯಾಕೆ, ಏನು ಎಂದು ಕೇಳದೆ ಅವನು ಕೀ ತಿರುಗಿಸಿದ.

"ಏರು ಹತ್ತುವಾಗ ಕಟಕಟ ಅಂತಿತ್ತಲ್ಲ, ಕೇಳಿಸಲಿಲ್ವಾ?"

"ಟರ್ಬೊ ಹಾಕ್ಸಿದೀನಿ. ಸೌಂಡ್ ಇರುತ್ತೆ."

"ಅದು ಟರ್ಬೊ ಸೌಂಡ್ ಅಲ್ಲ. ಹೀಗೇ ಓಡ್ಸಿದ್ರೆ ಪಿಸ್ಟನ್ ತೂತಾಗುತ್ತೆ."

'ಇಷ್ಟು ಒಳ್ಳೆ ಕಾರಿಗೆ ಇಂಥ ಕಿವುಡ ಓನರ್...' ಎಂದುಕೊಂಡಳು ಸೌಪರ್ಣಿಕಾ. ಕಿವುಡನ ಕಣ್ಣುಗಳು ಮಾತ್ರ ಚೆನ್ನಾಗಿವೆ ಎಂಬುದನ್ನೂ ಅದೇ ಉಸಿರಿನಲ್ಲಿ ಗಮನಿಸಿದ್ದಳು. ಕೇಳಿದರೆ ಒಪ್ಪುವುದಿಲ್ಲ, ಬಿಡಿ.

ಸೌಪರ್ಣಿಕಾ ಮುಳಬಾಗಿಲಿನವಳು. ತಂದೆ ಚಂದ್ರಶೇಖರ ಅಲ್ಲಿ ಲೆಕ್ಕಪತ್ರ ನೋಡುವವರು. ಅವಳಿಗೆ ವೇಮಗಲ್‌ನ ಫ್ಯಾಕ್ಟರಿಯೊಂದರಲ್ಲಿ ಇಂಜಿನ್ ಭಾಗಗಳನ್ನು ಪರೀಕ್ಷಿಸುವ ಕೆಲಸ. ಭಾನುವಾರವಾದರೆ ನಬೀ ಸಾಬ್ ಗ್ಯಾರೇಜು. ಡಿಪ್ಲೊಮಾ ಓದುವಾಗ ಕೆಲಸ ಕಲಿಯಲು ಬಂದವಳು ನಾಲ್ಕು ವರ್ಷವಾದರೂ ಬಿಟ್ಟಿರಲಿಲ್ಲ. ನಬೀ ಸಾಬರ ಕೈ, ಇವಳ ಲ್ಯಾಪ್‌ಟಾಪು. ಮಾಡಿಫೈ ಮಾಡಿಸಿ ಕೆಟ್ಟ ಕಾರುಗಳೆಲ್ಲ ಕೊನೆಗೆ ಅಲ್ಲಿಗೇ ಬರುತ್ತಿದ್ದವು.

ಮುಕುಂದನಿಗೆ ಶ್ರೀನಿವಾಸಪುರದಲ್ಲಿ ಮಾವಿನ ಸಸಿಗಳ ನರ್ಸರಿ. ಕಾರಿನ ಹುಚ್ಚು ಬೇರೆ. ಯಾರೋ ಟರ್ಬೊ ಕೂರಿಸಿ, ಟೈಮಿಂಗ್ ಮುಟ್ಟದೆ ಕಳಿಸಿದ್ದರು. ಸ್ಪಾರ್ಕ್ ಪ್ಲಗ್ ಯಾವ ಕ್ಷಣಕ್ಕೆ ಕಿಡಿ ಹಾರಿಸಬೇಕು ಎನ್ನುವುದೇ ಟೈಮಿಂಗ್. ಟರ್ಬೊ ಹೆಚ್ಚು ಗಾಳಿ ತುರುಕಿದಾಗಲೂ ಹಳೆಯ ಟೈಮಿಂಗೇ ಇದ್ದರೆ, ಪಿಸ್ಟನ್ ಪೂರ್ತಿ ಮೇಲೆ ಬರುವ ಮೊದಲೇ ಒಳಗಿನ ಪೆಟ್ರೋಲ್ ಸಿಡಿದು ಅದರ ತಲೆಗೆ ಬಡಿಯುತ್ತದೆ. ಅದಕ್ಕೇ ನಾಕಿಂಗ್ ಎನ್ನುವುದು.

ಅವಳು ಇಂಜಿನ್ನಿಗೆ ಒಂದು ಸೆನ್ಸರ್ ಬಿಗಿದು, ಅದರ ವೈರನ್ನು ಲ್ಯಾಪ್‌ಟಾಪಿಗೂ ತನ್ನ ಹೆಡ್‌ಫೋನಿಗೂ ಕೊಟ್ಟಳು. ಟೇಕಲ್ ಕಡೆಯ ಖಾಲಿ ರಸ್ತೆಯಲ್ಲಿ ಅವನು ಮೂರನೇ ಗೇರಿನಲ್ಲಿ ಏರು ಹತ್ತಿಸಬೇಕು, ಪಕ್ಕದಲ್ಲಿ ಕೂತು ಇವಳು ಕೇಳಬೇಕು. ಸದ್ದು ಬಂದರೆ ಕೈ ಎತ್ತುತ್ತಾಳೆ, ಅವನು ಆಕ್ಸಿಲರೇಟರ್ ಬಿಡುತ್ತಾನೆ.

"ಒಂದು ಡಿಗ್ರಿ ಹಿಂದಕ್ಕೆ," ಎನ್ನುತ್ತ ಅವಳು ಕೀಲಿ ಒತ್ತುತ್ತಿದ್ದಳು.

ನಬೀ ಸಾಬ್ ಗ್ಯಾರೇಜಿನಲ್ಲಿ ಟೈಮಿಂಗ್ ಹಿಂದಕ್ಕೆ ಅಂದರೆ ಕಿಡಿ ತಡವಾಗಿ, ಮುಂದಕ್ಕೆ ಅಂದರೆ ಕಿಡಿ ಬೇಗ. ಅವಳಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಬೇರೆ ಅರ್ಥವೇ ಮರೆತುಹೋಗಿತ್ತು. ಮುಕುಂದನ ಕಾರಿಗೆ ಬೇಕಾಗಿದ್ದೆಲ್ಲ ಹಿಂದಕ್ಕೇ. 'ಮುಂದಕ್ಕೆ' ಎಂಬ ಮಾತನ್ನು ಅವನು ಅವಳ ಬಾಯಲ್ಲಿ ಕೇಳಿಯೇ ಇರಲಿಲ್ಲ.

ಎರಡೇ ಭಾನುವಾರದಲ್ಲಿ ಮುಗಿಯಬೇಕಾದ ಕೆಲಸ ಆರು ಭಾನುವಾರ ನಡೆಯಿತು. ಒಮ್ಮೆ ಲ್ಯಾಪ್‌ಟಾಪ್ ನಾಕಿಂಗ್ ಎಂದು ಕೆಂಪು ಗೆರೆ ತೋರಿಸಿತು, ಹೆಡ್‌ಫೋನಿನಲ್ಲಿ ಅಂಥ ಸದ್ದಿಲ್ಲ. ಹುಡುಕಿದರೆ ಸೈಲೆನ್ಸರ್ ಬಳಿಯ ತಗಡು ಅದುರುತ್ತಿತ್ತು, ಅದರ ಬೋಲ್ಟು ಸಡಿಲ. ಅದನ್ನು ಮುಕುಂದನೇ ಸಡಿಲ ಮಾಡಿದ್ದನೇನೋ ಎಂಬ ಅನುಮಾನ ನಬೀ ಸಾಬರಿಗೆ ಇತ್ತು. ಅವರು ಬೀಡಿ ಹಚ್ಚಿಕೊಂಡು ಆಚೆ ಹೋದರು.

ಆರನೇ ಭಾನುವಾರ ಮುಕುಂದ ವಿಷಯಕ್ಕೆ ಬಂದ. ಬರುವ ಇಪ್ಪತ್ತನಾಲ್ಕಕ್ಕೆ ಅಮ್ಮನನ್ನು ಕರೆದುಕೊಂಡು ಮುಳಬಾಗಿಲಿಗೆ ಬಂದು ಅವಳ ತಂದೆಯ ಹತ್ತಿರ ಮಾತಾಡಲೇ ಎಂದು ಕೇಳಿದ. ಸೌಪರ್ಣಿಕಾ ಹೆಡ್‌ಫೋನ್ ವೈರು ಸುತ್ತುತ್ತ, ಬನ್ನಿ ಎಂದಳು. ವೈರು ಗಂಟಾಗಿದ್ದನ್ನು ಅವನೂ ನೋಡಿದ.

ಅದೇ ವಾರ ಮನೆಯಲ್ಲಿ ಬೇರೆ ಮಾತು ಎದ್ದಿತು. ಅಜ್ಜಿ ಗುಂಡಮ್ಮನ ಕಡೆಯ ಸಂಬಂಧವೊಂದು ಬಂದಿತ್ತು. ಹನ್ನೆರಡನೇ ತಾರೀಕು ಅವರು ಉತ್ತರ ಕೇಳಲು ಬರುತ್ತಾರೆ. ಚಂದ್ರಶೇಖರ ಮಗಳನ್ನು ಕೂರಿಸಿಕೊಂಡು, ಮನಸ್ಸಿನಲ್ಲಿ ಯಾರಾದರೂ ಇದ್ದರೆ ಹೇಳು, ಅವರು ಹನ್ನೆರಡಕ್ಕೆ ಮೊದಲು ಬರಲಿ ಎಂದರು. ಅವಳು ಮುಕುಂದನ ಹೆಸರು ಹೇಳಿದಳು. ಹತ್ತಕ್ಕೆ ಬರುತ್ತಾರೆ ಎಂದೂ ತಾನೇ ಹೇಳಿಬಿಟ್ಟಳು.

ಮರುದಿನ ಫ್ಯಾಕ್ಟರಿಯಲ್ಲಿ ಟೀ ಬಿಡುವು ಹತ್ತೇ ನಿಮಿಷ. ಉಳಿದ ಹೊತ್ತು ಫೋನು ಲಾಕರಿನಲ್ಲಿರಬೇಕು. ಅವಳು ನಿಂತಲ್ಲೇ ಮೆಸೇಜ್ ಒತ್ತಿದಳು: "ಇಪ್ಪತ್ನಾಲ್ಕು ಬೇಡ. ಎರಡು ವಾರ ಮುಂದಕ್ಕೆ ಹಾಕಿ. ಮನೇಲಿ ಬೇರೆ ಸಂಬಂಧದ ಮಾತು ನಡೀತಿದೆ. ಫೋನ್ ಮಾಡ್ಬೇಡಿ, ಬಂದಾಗ ಮಾತಾಡೋಣ."

"ಸರಿ" ಎಂದು ಬಂತು ಉತ್ತರ.

ಒಂದೇ ಪದ... ಅವಳಿಗೆ ಅದು ಸಾಕಾಗಿತ್ತು.

ಹತ್ತನೇ ತಾರೀಕು ಗುಂಡಮ್ಮ ಒಬ್ಬಟ್ಟು ಮಾಡಿದರು. ಚಂದ್ರಶೇಖರ ಇಸ್ತ್ರಿ ಮಾಡಿದ ಶರಟು ಹಾಕಿ ಹನ್ನೊಂದರಿಂದ ಹೊರಗಿನ ಕುರ್ಚಿಯಲ್ಲಿ ಕೂತರು. ಒಂದಾಯಿತು. ಮೂರಾಯಿತು. ಸರಿ ಎಂದು ಹೇಳಿ ಬರದವನಿಗೆ ತಾನಾಗಿ ಫೋನ್ ಮಾಡಲು ಸೌಪರ್ಣಿಕಾಗೆ ಅಭಿಮಾನ ಬಿಡಲಿಲ್ಲ. ಐದಕ್ಕೆ ಎದ್ದು ಒಳಗೆ ಬಂದು ಶರಟು ಬಿಚ್ಚಿ ಮೊಳೆಗೆ ಹಾಕಿದರು. ಮಗಳನ್ನು ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಎನಿಸಿತು ಅವಳಿಗೆ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

'ನನ್ನ ವಿಷಯ ಹೋಗಲಿ... ಅಪ್ಪನನ್ನು ಹಾಗೆ ಕೂರಿಸಿದನಲ್ಲ.'

ಸೋಮವಾರ ಎರಡಕ್ಕೆ ಶಿಫ್ಟು ಮುಗಿಸಿ, ತನ್ನ ಸಾಮಾನು ತರಲು ಗ್ಯಾರೇಜಿಗೆ ಹೋದಳು. ಇನ್ನು ಅಲ್ಲಿಗೆ ಕಾಲಿಡಬಾರದು ಎಂದು ನಿರ್ಧಾರವಾಗಿತ್ತು. ನಬೀ ಸಾಬ್ ಮೊಮ್ಮಗಳು ಆಯೇಷಾಳ ನಿಕಾಹ್ ಸುದ್ದಿ ಹೇಳುತ್ತಿದ್ದರು. ಹುಡುಗನ ತಾಯಿಗೆ ಹುಷಾರಿಲ್ಲವಂತೆ, ನಿಕಾಹ್ ಒಂದು ತಿಂಗಳು ಮುಂದಕ್ಕೆ ಹೋಯಿತಂತೆ.

"ಅಷ್ಟು ಬೇಗಾನಾ ಸಾಬ್?" ಎಂದಳು ಅವಳು, ಮನಸ್ಸಿಲ್ಲದ ಮನಸ್ಸಿನಿಂದ.

ನಬೀ ಸಾಬ್ ಸ್ಪ್ಯಾನರ್ ಕೆಳಗಿಟ್ಟರು. "ಅರೆ ಬೇಟಿ, ಮುಂದಕ್ಕೆ ಹೋಯ್ತು ಅಂದ್ರೆ ಬೇಗ ಹೆಂಗಾಗುತ್ತೆ? ಲೇಟಾಗುತ್ತೆ. ಇದೇನ್ ಇಂಜಿನ್ ಟೈಮಿಂಗಾ?"

ಸೌಪರ್ಣಿಕಾ ಕೈಯಲ್ಲಿದ್ದ ಚೀಲ ಹಾಗೇ ಬಿಟ್ಟಳು.

ಫೋನ್ ತೆಗೆದು ಆ ಮೆಸೇಜನ್ನು ಮತ್ತೆ ಓದಿದಳು. ಬೇರೆ ಸಂಬಂಧ ಬಂದಿದೆ, ನೀವು ಎರಡು ವಾರ ತಡವಾಗಿ ಬನ್ನಿ... ಊರೆಲ್ಲ ಹಾಗೇ ತಾನೇ ಓದುವುದು? ಅದಕ್ಕೂ ಅವನು ಸರಿ ಎಂದಿದ್ದ. ಫೋನ್ ಮಾಡಬೇಡಿ ಎಂದಿದ್ದಕ್ಕೆ ಫೋನನ್ನೂ ಮಾಡಿರಲಿಲ್ಲ. ನಾಳೆಯೇ ಹನ್ನೆರಡು.

ಸಿಕ್ಕ ಬಸ್ಸು ಹತ್ತಿದಳು. ಶ್ರೀನಿವಾಸಪುರದ ನರ್ಸರಿ ತಲುಪಿದಾಗ ನಾಲ್ಕೂವರೆ. ಮುಕುಂದ ಸಸಿಗಳಿಗೆ ಪೈಪ್ ಹಿಡಿದಿದ್ದ. ಗಡ್ಡ ಬಂದಿತ್ತು. ಇವಳನ್ನು ನೋಡಿ ಪೈಪ್ ಕೈಯಲ್ಲೇ ಉಳಿಯಿತು, ನೀರು ಅವನ ಚಪ್ಪಲಿಯ ಮೇಲೆ ಹರಿಯಿತು.

ಅವಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಮುಂದಕ್ಕೆ ಎಂದರೆ ತನ್ನ ಲೆಕ್ಕದಲ್ಲಿ ಬೇಗ ಎಂದು, ಹತ್ತಕ್ಕೆ ಬನ್ನಿ ಎಂದೇ ಬರೆದದ್ದೆಂದು, ಅಪ್ಪ ದಿನವಿಡೀ ಕಾದರೆಂದು. ಅವನು ಮೊದಲು ನಗಲು ಹೋದ, ಆಮೇಲೆ ಅವಳ ತಂದೆ ಕಾದದ್ದು ಕೇಳಿ ನಗು ನಿಂತಿತು.

"ಅರ್ಥ ಆಗ್ದಿದ್ರೆ ಯಾಕೆ ಅಂತ ಒಂದು ಸಲ ಕೇಳ್ಬಹುದಿತ್ತಲ್ಲ?"

"ಕೇಳಿದ್ರೆ ನೀವು ಉತ್ತರ ಹೇಳ್ಬಿಡ್ತೀರಲ್ಲ..." ಅವನು ನೆಲ ನೋಡಿದ. "ಆ ಹುಡುಗನೇ ಇಷ್ಟ ಆಗಿದಾನೆ ಅಂದ್ಬಿಟ್ರೆ? ಎರಡು ವಾರ ಆದ್ರೂ ಆಸೆ ಇಟ್ಕೊಂಡಿರೋಣ ಅಂದ್ಕೊಂಡೆ. ನಂಗೆ ನೀವು ಬೇಕು. ಬೇಕು ಅಂತ ಜಗಳ ಆಡೋ ಧೈರ್ಯ ಇರ್ಲಿಲ್ಲ."

ಇಷ್ಟು ಪ್ರೀತಿಸುವ ಇವನನ್ನು ನಿನ್ನೆಯೆಲ್ಲ ಬೈದುಕೊಂಡಿದ್ದೆನಲ್ಲ ಎಂದು ಅವಳಿಗೆ ಸಂಕಟವಾಯಿತು.

"ಈಗ ಇದ್ಯಾ ಧೈರ್ಯ?"

"ಹತ್ತು ನಿಮಿಷ ಕೊಡಿ. ಅಮ್ಮನ್ನ ಕರ್ಕೊಂಡ್ ಬರ್ತೀನಿ. ಗಡ್ಡಕ್ಕೆ ಟೈಮಿಲ್ಲ."

ಆರೂವರೆಗೆ ಮುಳಬಾಗಿಲಿನ ಮನೆಯ ಮುಂದೆ ಕಾರು ನಿಂತಿತು. ಚಂದ್ರಶೇಖರ ಬಾಗಿಲಿಗೆ ಬಂದರು. ಮುಕುಂದನ ತಾಯಿಗೆ ಕೈ ಮುಗಿದರು. ಅವನಿಗೆ ಕೈ ಮುಗಿಯಲಿಲ್ಲ.

"ನಿನ್ನೆ ಯಾಕೆ ಬರ್ಲಿಲ್ಲ?"

"ತಪ್ಪು ನಂದೇ ಸಾರ್," ಎಂದ ಮುಕುಂದ. "ಇವರು ಹತ್ತು ಅಂತಾನೇ ಹೇಳಿದ್ರು. ನಾನೇ ಮರ್ತೆ."

ಸೌಪರ್ಣಿಕಾ ಮೆಟ್ಟಿಲು ಹತ್ತಿ ಅವನ ಪಕ್ಕ ನಿಂತಳು. ತಂದೆಯ ಮುಂದೆ ಇಂಥ ಮಾತು ಅವಳು ಆಡಿದ್ದೇ ಇಲ್ಲ.

"ಸುಳ್ಳು ಅಪ್ಪ. ಇವರು ಮರೆಯೋರಲ್ಲ. ನಾನು ಬರ್ದಿದ್ದೇ ತಪ್ಪು. ಇವರಿಗೆ ಅರ್ಥ ಆಗಿದ್ದು, ನಾನು ಇವರನ್ನ ಬೇಡ ಅಂತಿದೀನಿ ಅಂತ. ನಂಗೆ ಇವರೇ ಬೇಕು."

ಚಂದ್ರಶೇಖರ ಇಬ್ಬರನ್ನೂ ನೋಡಿದರು. ಒದ್ದೆ ಚಪ್ಪಲಿ, ಗಡ್ಡ, ಅತ್ತು ಊದಿದ ಮಗಳ ಕಣ್ಣು. ನಾಳೆ ಬರುವವರಿಗೆ ಈಗಲೇ ಫೋನ್ ಮಾಡಿ ಬೇಡವೆಂದು ಹೇಳಿಬಿಡುತ್ತೇನೆ ಎಂದರು. ಎಲ್ಲರೂ ಒಳಗೆ ಬನ್ನಿ ಎಂದು ತಾವೇ ಮುಂದೆ ನಡೆದರು. ಅವನ ತಾಯಿಯೂ ಹಿಂದೆಯೇ ಹೋದರು.

ಬಾಗಿಲಲ್ಲಿ ಇಬ್ಬರೇ ಉಳಿದರು.

"ಸುಮ್ನೆ ಇರ್ಬೋದಿತ್ತಲ್ಲ," ಎಂದ ಮುಕುಂದ ಮೆಲ್ಲಗೆ. "ಬೈಗುಳ ನಾನೇ ತಿಂತಿದ್ದೆ."

"ನಮ್ಮಪ್ಪ ನಿಮ್ಮನ್ನ ಒಂದು ದಿನ ಕೂಡ ತಪ್ಪು ತಿಳ್ಕೊಂಡಿರೋದು ನಂಗಿಷ್ಟ ಇಲ್ಲ."

"ಅಷ್ಟು ಇಷ್ಟಾನಾ ನಾನು?"

"ಹೂಂ... ಅಷ್ಟು."